ಒಂದು ಹೇಲ್ ಮೇರಿಯಷ್ಟು ಹೊತ್ತು

ಕರೆಂಟು ಹೋದರೆ ನನಗೆ ಹೆದರಿಕೆಯಿಲ್ಲ. ಹೋಗಿ, ಅರೆಕ್ಷಣದಲ್ಲಿ ತಿರುಗಿ ಬಂದರೆ ಹೆದರಿಕೆ. ಫ್ಯಾನಿನ ರೆಕ್ಕೆಗೆ ನಿಧಾನವಾಗಲೂ ಪುರುಸೊತ್ತು ಕೊಡದೆ ಬಲ್ಬು ಒಮ್ಮೆ ಮಿಣುಕುತ್ತದಲ್ಲ, ಅದು. ಪುತ್ತೂರಿನಲ್ಲಿ ಸ್ವಲ್ಪ ಗಾಳಿ ಬಂದರೆ ಸಾಕು, ದಿನಕ್ಕೆ ಐದಾರು ಸಲ ಆಗುತ್ತದೆ. ಮನೆಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ನನ್ನ ಕೈ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಸೌಟು ಹಿಡಿದಿದ್ದರೆ ಸೌಟು, ಪೆನ್ನು ಹಿಡಿದಿದ್ದರೆ ಪೆನ್ನು. ರಿಟೈರ್ ಆದರೂ ಬಿಡದ ಆಕ್ಯುಪೇಶನಲ್ ಡಿಸೀಸ್ ಇದು.

ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಹೊಸದಾಗಿ ಸೇರುವವರು ಒಬ್ಬಿಬ್ಬರು ಆಗಾಗ ಮನೆಗೆ ಬಂದು, "ಮೇಡಂ, ನಿಮ್ಮ ಎಕ್ಸ್‌ಪೀರಿಯನ್ಸ್ ಹೇಳಿ" ಅನ್ನುತ್ತಾರೆ. ಅವರಿಗೆ ಬೇಕಾದದ್ದು ಟಿಪ್ಸ್. ನನ್ನಲ್ಲಿ ಉಳಿದಿರುವುದು ಮುಖ್ಯವಾಗಿ ಹೆದರಿಕೆ. ಅದನ್ನೇ ಬರೆದಿಡುತ್ತೇನೆ, ಟಿಪ್ಸ್ ಅದರೊಳಗೆ ಸಿಕ್ಕಿದರೆ ಹೆಕ್ಕಿಕೊಳ್ಳಲಿ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಆಮೇಲೆ ಡಿಪ್ಲೊಮಾ. ರೇಡಿಯೋ, ಟೀವಿ, ಸ್ಟೆಬಿಲೈಸರ್ ಎಲ್ಲ ಬಿಚ್ಚಿ ಜೋಡಿಸಿ, ಕೊನೆಯ ಹದಿನೈದು ವರ್ಷ ಪುತ್ತೂರಿನ ಒಂದು ಸಣ್ಣ ಯುನಿಟ್ಟಿನ ಟೆಸ್ಟಿಂಗ್ ಬೆಂಚಿನಲ್ಲಿ ಕೂತೆ. ಅಲ್ಲಿ ಅಂಗೈ ಅಗಲದ ಕಂಪ್ಯೂಟರ್ ಬೋರ್ಡುಗಳು ತಯಾರಾಗುತ್ತಿದ್ದವು. ಸ್ಕ್ರೀನಿಲ್ಲ, ಕೀಬೋರ್ಡಿಲ್ಲ, ಒಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್. ಬೋರ್ಡಿನ ಮೇಲೆ ಎರಡು ಕಪ್ಪು ಚಿಪ್. ಕರೆಂಟು ಬಂದಾಗ ಎದ್ದು ಕೂರುವಷ್ಟು ಬುದ್ಧಿ ಒಂದರಲ್ಲಿ, ಅದು ಪ್ರೊಸೆಸರ್. ಎದ್ದ ಮೇಲೆ ಮಾಡಬೇಕಾದ ಕೆಲಸವೆಲ್ಲ ಇನ್ನೊಂದರಲ್ಲಿ. ಎಂಟು ಕಾಲಿನ ಆ ಎರಡನೆಯದಕ್ಕೆ ಫ್ಲ್ಯಾಶ್ ಮೆಮೊರಿ ಎನ್ನುತ್ತಾರೆ. ಪ್ರತಿ ಸಲ ಏಳುವಾಗಲೂ ಲಿನಕ್ಸ್ ಆ ಫ್ಲ್ಯಾಶನ್ನು "ನೀನು ಯಾರು?" ಎಂದು ಕೇಳುತ್ತದೆ. ಅದು ತನ್ನ ನಂಬರು ಹೇಳಬೇಕು. ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಈ ಸಂಭಾಷಣೆ ಒಂದೇ ಒಂದು ಸಾಲು. ಉತ್ತರ ಬಾರದಿದ್ದರೆ ನಂಬರಿನ ಜಾಗದಲ್ಲಿ ಎಫ್ಎಫ್ ಎಫ್ಎಫ್ ಎಫ್ಎಫ್ ಎಂದು ಬೀಳುತ್ತದೆ. ಕರೆದ ಮನೆಯಲ್ಲಿ ಯಾರೂ ಇಲ್ಲ ಎಂದು ಅರ್ಥ.

ಯಾವಾಗಲೂ ಉತ್ತರ ಕೊಡದ ಚಿಪ್‌ನಿಂದ ತೊಂದರೆಯಿಲ್ಲ, ಕಿತ್ತು ಬೇರೆ ಹಾಕಿದರಾಯಿತು. ಹತ್ತು ಸಲ ಕೊಟ್ಟು ಹನ್ನೊಂದನೆಯ ಸಲ ಕೊಡದೇ ಇರುವುದುಂಟಲ್ಲ, ನನ್ನ ಕೂದಲು ಬೆಳ್ಳಗೆ ಮಾಡಿದ್ದು ಅದು.

ಕುಂಬ್ರದ ಹಾಲಿನ ಸೊಸೈಟಿಯಲ್ಲಿ ಹಾಲು ತೂಗುವ ಯಂತ್ರಕ್ಕೆ ನಮ್ಮ ಬೋರ್ಡು ಹಾಕಿದ್ದೆವು. ಬೆಳಿಗ್ಗೆ ಏಳುವುದಿಲ್ಲ ಎಂದು ಫೋನು. ಹನ್ನೊಂದು ಗಂಟೆಗೆ ನಾನು ಹೋಗಿ ಮುಟ್ಟಿದರೆ ಎಲ್ಲ ಸರಿ. ಮೂರು ಸಲ ಹೀಗೆಯೇ ಆಯಿತು. ಮೂರನೆಯ ಸಲ ಅಲ್ಲಿಯ ಸೆಕ್ರೆಟರಿ, "ನಿಮ್ಮನ್ನು ಕಂಡರೆ ಅದಕ್ಕೆ ನಾಚಿಕೆ ಆಗುದು ಬಾಯಿ, ನೀವೊಂದು ಫೋಟೋ ಕೊಟ್ಟು ಹೋಗಿ, ಮೇಲೆ ನೇತು ಹಾಕ್ತೇವೆ" ಎಂದರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು. ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ನಾಲ್ಕನೆಯ ಸಲ ಹಾಲಿನವರ ಜೊತೆಗೇ ಬೆಳಿಗ್ಗೆ ಆರಕ್ಕೆ ಹೋಗಿ ನಿಂತೆ. ಎಫ್ಎಫ್. ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಚಿಪ್ಪನ್ನು ಮೆತ್ತಗೆ ಒತ್ತಿ ನೋಡಿದೆ. ನಂಬರು ಬಂತು. ಒಂದು ಕಾಲಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಳಗಿನ ಚಳಿಗೆ ಬಿಟ್ಟುಕೊಂಡು, ಬಿಸಿಲೇರಿದ ಮೇಲೆ ಕೂಡಿಕೊಳ್ಳುತ್ತಿತ್ತು. ತಪ್ಪು ಆಗುವ ಹೊತ್ತಿಗೇ ಹೋಗಬೇಕು, ನಮ್ಮ ಬಸ್ಸಿನ ಟೈಮಿಗಲ್ಲ ಎಂದು ಅಲ್ಲಿ ಕಲಿತೆ.

ಕಡಬದ ಹತ್ತಿರ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯೊಂದರಲ್ಲಿ ಮೂರು ಸಲ ಫ್ಲ್ಯಾಶ್ ಬದಲಿಸಿದೆ. ನಾಲ್ಕನೆಯ ಸಲ ಹೋದಾಗ ಮಲಯಾಳಿ ಮನೆಯೊಡತಿ ಏಲಿಯಮ್ಮ ಚಹಾ ಕೊಡುತ್ತಾ, "ಚೇಚೀ, ಆ ಗೋಡೆಗೆ ಹೊಡೆದ ಆಣಿ ಕೂಡ ಎರಡು ಮಳೆಗಾಲ ಬಾಳುದಿಲ್ಲ, ನಿಮ್ಮ ಪೆಟ್ಟಿಗೆ ಬಾಳ್ತದಾ?" ಎಂದರು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡಿನ ಟ್ರೇಗಳ ಸರಿ ಮೇಲೆ ನಾನು ಬೋರ್ಡು ಕೂರಿಸಿದ್ದೆ! ಅದರ ಹಬೆ ಚಿಪ್ಪಿನ ಕಾಲುಗಳನ್ನು ಹಸಿರು ಮಾಡಿ ತಿಂದಿತ್ತು. ಮೈ ಗಾಡ್, ಮೊದಲ ದಿನವೇ ಅವರನ್ನು ಕೇಳಬಾರದಿತ್ತೇ?

ಈ ಎರಡರಲ್ಲೂ ಆದದ್ದು ನಾಚಿಕೆ. ಹೆದರಿಕೆ ಏನೆಂದು ಗೊತ್ತಾದದ್ದು ಗುತ್ತಿಗಾರಿನಲ್ಲಿ. ಅದಕ್ಕೆ ಮೊದಲು ನನ್ನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು.

ಕಾನ್ವೆಂಟಿನಲ್ಲಿ ನಮಗೆ ಫಿಸಿಕ್ಸ್ ಕಲಿಸಿದ್ದು ಸಿಸ್ಟರ್ ಕ್ಲೋಟಿಲ್ಡಾ. ಲ್ಯಾಬಿನಲ್ಲಿ ಒಂದು ಹಳೆಯ ವಾಲ್ವ್ ರೇಡಿಯೋ ಇತ್ತು. ಅದನ್ನು ಆಫ್ ಮಾಡಿ ಕೂಡಲೇ ಆನ್ ಮಾಡಿದರೆ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಸ್ವಿಚ್ ಆರಿಸಿದರೂ ಒಳಗೆ ಕಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ, ಅದು ಇಳಿದು ಹೋಗಲು ಸಮಯ ಬೇಕು. "ಆಫ್. ಒನ್ ಹೇಲ್ ಮೇರಿ. ದೆನ್ ಆನ್. ಪೇಷನ್ಸ್, ಲಿಲ್ಲಿ, ಪೇಷನ್ಸ್!" ಹೇಲ್ ಮೇರಿ ಎಂದರೆ ಮೇರಿ ಮಾತೆಗೆ ಹೇಳುವ ಪುಟ್ಟ ಪ್ರಾರ್ಥನೆ, ನಾನು ಹೇಳುವ ವೇಗಕ್ಕೆ ಹದಿನೈದು ಸೆಕೆಂಡು. ಮುಂದೆ ಸಾವಿರಾರು ಸ್ವಿಚ್ಚುಗಳನ್ನು ಆರಿಸಿ ಹಾಕಿದ್ದೇನೆ, ನಡುವೆ ತುಟಿ ಅಲ್ಲಾಡದ ದಿನವಿಲ್ಲ.

ಪುತ್ತೂರಿನ ಬೆಂಚಿಗೆ ಅದನ್ನೇ ರೂಲ್ ಮಾಡಿದೆ. ಹೊರಗೆ ಹೋಗುವ ಪ್ರತಿ ಬೋರ್ಡನ್ನೂ ಐವತ್ತು ಸಲ ಆರಿಸಿ ಹಾಕಬೇಕು, ಪ್ರತಿ ಸಲವೂ ಫ್ಲ್ಯಾಶ್ ನಂಬರು ಹೇಳಬೇಕು. ಆರಿಸಿ ಹಾಕುವುದರ ನಡುವೆ ಒಂದು ಪ್ರಾರ್ಥನೆ, ಅವರವರಿಗೆ ಬರುವುದು. ನನ್ನ ಜೊತೆ ಸಾಫ್ಟ್‌ವೇರ್ ನೋಡುತ್ತಿದ್ದ ಸಫಿಯಾ ತನ್ನದನ್ನು ಹೇಳುತ್ತಿದ್ದಳು, ಉಳಿದವರು ಅವರದ್ದು. ಬೆಂಚಿನ ಮೇಲಿನ ಗೋಡೆಗೆ ನನ್ನ ಕಾನ್ವೆಂಟ್ ಅಕ್ಷರದಲ್ಲಿ ಚೀಟಿಯೂ ಅಂಟಿಸಿದ್ದೆ: "ಆಫ್ — ಒಂದು ಪ್ರಾರ್ಥನೆ — ಆನ್." ನಮ್ಮ ಮ್ಯಾನೇಜರು ಕೇಶವ ಭಟ್ಟರು ಗಿರಾಕಿಗಳನ್ನು ಕರೆತಂದು ಅದನ್ನು ತೋರಿಸಿ, "ನಮ್ಮಲ್ಲಿ ಬೋರ್ಡು ಬರೇ ಟೆಸ್ಟ್ ಆಗುದಲ್ಲ ಮಾರಾಯ್ರೆ, ಎಲ್ಲ ದೇವರ ಆಶೀರ್ವಾದ ತಗೊಂಡೇ ಹೋಗುದು" ಎನ್ನುತ್ತಿದ್ದರು. ಆ ಚೀಟಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಗುತ್ತಿಗಾರಿನಿಂದ ಸಂಪಾಜೆಯವರೆಗೆ ಕಾಡಂಚಿನ ಹನ್ನೊಂದು ಜಾಗಗಳಲ್ಲಿ ನಮ್ಮ ಆನೆ ಸೈರನ್ ಕೂತಿತು. ಕಾಡಿನ ಬದಿಗೆ ನೂಲಿನಂಥ ಸಪುರ ತಂತಿ ಎಳೆಯುವುದು, ಆನೆ ಬಂದು ತಂತಿ ಜಗ್ಗಿದರೆ ಕಂಬದ ಪೆಟ್ಟಿಗೆಯಲ್ಲಿರುವ ಬೋರ್ಡು ಸೈರನ್ ಕೂಗಿಸುವುದು. ಸುಲಭದ ಕೆಲಸ. ಗುತ್ತಿಗಾರಿನ ಕಂಬ ಇದ್ದದ್ದು ವಾರಿಜ ಎಂಬವಳ ಅಂಗಳದ ತುದಿಯಲ್ಲಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಮನೆಯವರೊಡನೆ ಅರೆಭಾಷೆ, ನನ್ನೊಡನೆ ಕನ್ನಡ. ಮನೆಯ ಹಿಂದಿನ ಗುಡ್ಡ ಪೂರ್ತಿ ರಬ್ಬರು, ಅದರಾಚೆ ಕಾಡು. ಆನೆಯ ಹೆದರಿಕೆಗೆ, ರಬ್ಬರ್ ಹಾಲಿಗಾಗಿ ಮರ ಗೀರುವ ಟ್ಯಾಪಿಂಗಿನವರು ಬರುವುದು ಬಿಟ್ಟ ಮೇಲೆ ಅವಳೇ ಕತ್ತಿ ಹಿಡಿದು ಬೆಳಕು ಹರಿಯುವಾಗ ಗುಡ್ಡ ಹತ್ತುತ್ತಿದ್ದಳು.

"ಬಾಯಮ್ಮ, ಇದು ಎಚ್ಚರ ಉಂಟಾ ಮಲಗಿದ್ದಾ ಅಂತ ನನಗೆ ಹೇಗೆ ಗೊತ್ತಾಗುದು?" ಎಂದು ಫಿಟ್ ಮಾಡಿದ ದಿನ ಕೇಳಿದಳು.

ಪೆಟ್ಟಿಗೆಯ ಮೇಲೆ ಒಂದು ಹಸಿರು ದೀಪವಿತ್ತು. "ಆ ದೀಪ ಉರಿಯುತ್ತಿದ್ದರೆ ಎಚ್ಚರ ಇದೆ ಅಂತ" ಎಂದೆ.

ಆ ದೀಪ ಅಡಾಪ್ಟರಿಗೆ ನೇರ ಜೋಡಿಸಿದ್ದು. ಕರೆಂಟು ಇದೆ ಎಂಬುದಷ್ಟೇ ಅದಕ್ಕೆ ಗೊತ್ತು, ಬೋರ್ಡು ಎದ್ದಿದೆಯೋ ಇಲ್ಲವೋ ಗೊತ್ತಿಲ್ಲ. ನನಗೆ ಅದು ಗೊತ್ತಿತ್ತು. ವಿವರಿಸಲು ಆಲಸ್ಯ ಮಾಡಿ ಸುಲಭದ ಉತ್ತರ ಕೊಟ್ಟೆ.

ನಾಲ್ಕು ತಿಂಗಳಾಗಿರಬಹುದು. ವಾರಿಜ ಬೆಳಿಗ್ಗೆ ಹಸಿರು ದೀಪ ನೋಡಿ ಗುಡ್ಡ ಹತ್ತಿದ್ದಾಳೆ. ಐದಾರು ಮರ ಗೀರಿ ತಿರುಗಿದರೆ ಮುಂದಿನ ಸಾಲಿನಲ್ಲಿ ಆನೆ. ಸೈರನ್ ಕೂಗಿರಲಿಲ್ಲ. ಅವಳು ನೀರು ಹೋಗುವ ಕಣಿಗೆ ಹಾರಿ, ಮಣ್ಣಿಗೆ ಮುಖ ಒತ್ತಿ ಮಲಗಿದಳು. ಆನೆ ದಾಟಿ ಹೋಯಿತು. ಎಡಗೈ ಮುರಿಯಿತು, ಜೀವ ಉಳಿಯಿತು.

ಮರುದಿನ ನಾನು ಹೋದೆ. ಅಷ್ಟರಲ್ಲಿ ಯಾರೋ ಪ್ಲಗ್ ಕಿತ್ತಿಟ್ಟಿದ್ದರು. ಹಾಕಿದೆ, ನಂಬರು ಬಂತು. ಆರಿಸಿದೆ, ತುಟಿಯಲ್ಲಿ ಪ್ರಾರ್ಥನೆ, ಹಾಕಿದೆ, ನಂಬರು ಬಂತು. ಬೆಸುಗೆ ಒತ್ತಿ ನೋಡಿದೆ, ಕಾಲುಗಳನ್ನು ಲೆನ್ಸಿನಲ್ಲಿ ನೋಡಿದೆ. ಕುಂಬ್ರವೂ ಅಲ್ಲ, ಕಡಬವೂ ಅಲ್ಲ. ಹಿಂದಿನ ದಿನ ಏನಾಯಿತೆಂದು ತಿಳಿಯೋಣವೆಂದರೆ ಬೋರ್ಡು ತನ್ನ ದಿನಚರಿ ಬರೆಯುವುದೂ ಅದೇ ಫ್ಲ್ಯಾಶಿನಲ್ಲಿ. ಫ್ಲ್ಯಾಶೇ ಸಿಗದ ದಿನದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಭಟ್ಟರಿಗೆ ರಿಪೋರ್ಟು ಬೇಕಿತ್ತು. "ಬೋರ್ಡು ಸರಿ ಉಂಟಲ್ಲ ಬಾಯಿ? ಹಾಗಾದ್ರೆ ಹಾಗೇ ಬರೀರಿ. ಆನೆ ತಂತಿ ಮುಟ್ಟದೆ ಬಂದಿರಬಹುದು. ಅದಕ್ಕೆ ನಾವು ಎಂತ ಮಾಡುದು?"

"ನೋ ಫಾಲ್ಟ್ ಫೌಂಡ್" ಎಂದು ಬರೆದು ಸಹಿ ಹಾಕಿದೆ. ನನ್ನ ಇಡೀ ಕೆಲಸದಲ್ಲಿ ನಾನು ಹಾಕಿದ ಅತಿ ಕೆಟ್ಟ ಸಹಿ ಅದು. ಫಾಲ್ಟ್ ಇಲ್ಲ ಎಂದಲ್ಲ ಅದರ ಅರ್ಥ, ನನಗೆ ಸಿಕ್ಕಲಿಲ್ಲ ಎಂದು. ಓದುವವರು ಯಾರೂ ಹಾಗೆ ಓದುವುದಿಲ್ಲ.

ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ವಾರಿಜ ಫೋನು ಮಾಡಿದಳು. "ನಾಳೆಯಿಂದ ಹೋಗ್ತೇನೆ ಬಾಯಮ್ಮ. ನೀವು ನೋಡಿ ಸರಿ ಉಂಟು ಹೇಳಿದ್ದೀರಲ್ಲ, ಈಗ ಧೈರ್ಯ."

ಅಂದಿನಿಂದ ಬೆಳಗಿನ ಫೋನು ಬಾರಿಸಿದರೆ ಎತ್ತದೆ ಒಂದು ಗಳಿಗೆ ಅದನ್ನೇ ನೋಡುತ್ತಿದ್ದೆ. ಗ್ಯಾಸಿನವನು, ಚರ್ಚಿನ ವಾರ್ಡು ನೋಡಿಕೊಳ್ಳುವ ಗುರ್ಕಾರ, ರಾಂಗ್ ನಂಬರು, ಯಾರಾದರೂ ಸರಿ, ಮೊದಲು ಕಾಣುವುದು ಆ ಗುಡ್ಡವೇ. ನಾಲ್ಕು ದಿನ ತಡೆದು ಐದನೆಯ ದಿನ ಭಟ್ಟರ ಮುಂದೆ ನಿಂತೆ. "ನನಗೆ ಹೆದರಿಕೆ ಆಗ್ತದೆ ಸರ್. ನಾನು ಅಲ್ಲಿ ಹೋಗಿ ಕೂರಬೇಕು." ಭಟ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎರಡು ದಿನ. ಸಫಿಯಾನನ್ನೂ ಕರಕೊಂಡು ಹೋಗಿ."

ಕಂಬದ ಬುಡದಲ್ಲಿ ಸ್ಟೂಲು ಹಾಕಿ, ಬೋರ್ಡಿಗೆ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ಮುಂದಿಟ್ಟು ಕೂತೆವು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತು. ವಾರಿಜ ಮರಕ್ಕೆ ಕಟ್ಟಿದ ತೆಂಗಿನ ಚಿಪ್ಪಿಗಳಲ್ಲಿ ಇಳಿದ ರಬ್ಬರ್ ಹಾಲು ತರಲು ಬಕೆಟ್ ಹಿಡಿದು ಗುಡ್ಡ ಹತ್ತಿ ಹೋಗಿದ್ದಳು. ಒಂದು ಗಾಳಿ ಬೀಸಿತು. ಮನೆಯೊಳಗಿನ ಬಲ್ಬು ಮಿಣುಕಿತು. ಲ್ಯಾಪ್‌ಟಾಪಿನಲ್ಲಿ ಸಾಲುಗಳು ಹರಿಯತೊಡಗಿದವು, ಬೋರ್ಡು ಮತ್ತೆ ಏಳುತ್ತಿತ್ತು. ಒಂದು ಕಡೆ ಬಂದು ನಿಂತವು.

ಎಫ್ಎಫ್ ಎಫ್ಎಫ್ ಎಫ್ಎಫ್.

ತಲೆಯೆತ್ತಿದೆ. ಪೆಟ್ಟಿಗೆಯ ಮೇಲೆ ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು.

ಸಫಿಯಾಳ ಕೈ ಆಗಲೇ ಪ್ಲಗ್ಗಿನ ಮೇಲಿತ್ತು. "ಆರಿಸಿ ಹಾಕ್ಲಾ ಮೇಡಂ? ಸೈರನ್ ಸತ್ತುಂಟು, ಅವರು ಮೇಲೆ ಇದ್ದಾರೆ."

ಹಾಕಿದರೆ ಸೈರನ್ ಬದುಕುತ್ತದೆ, ಫಾಲ್ಟ್ ಮಾಯವಾಗುತ್ತದೆ, ನಾನು ಮತ್ತೊಮ್ಮೆ ಅದೇ ಸಹಿ ಹಾಕುತ್ತೇನೆ. ಹಾಕದಿದ್ದರೆ ಅವಳು ಅಲ್ಲಿ ಮೇಲೆ, ಕಾಯುವವರಿಲ್ಲದೆ. ಯೋಚಿಸಲು ಬಹಳ ಹೊತ್ತು ಇರಲಿಲ್ಲ.

"ಮುಟ್ಟಬೇಡ. ಚಿಪ್ಪಿಗೆ ವೋಲ್ಟೇಜ್ ಎಷ್ಟು ಬರ್ತಾ ಉಂಟು ನೋಡು, ಬೆಸುಗೆ ಒತ್ತಿ ನೋಡು, ಎಲ್ಲ ಬರೆದಿಡು. ನಾನು ಹೋಗಿ ಅವಳನ್ನು ಕರಕೊಂಡು ಬರ್ತೇನೆ."

ನನ್ನ ಮೊಣಕಾಲು ಆ ಗುಡ್ಡಕ್ಕೆ ತಕ್ಕದ್ದಾಗಿರಲಿಲ್ಲ. ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ರಬ್ಬರ್ ಮರಗಳ ಸಾಲಿನಲ್ಲಿ ಎಲ್ಲ ಕಡೆಯೂ ಒಂದೇ ಥರ, ಎಲ್ಲಿ ನೋಡಿದರೂ ನೆರಳು. "ವಾರಿಜಾ!" ಎಂದು ಕೂಗಿದೆ. ಉತ್ತರವಿಲ್ಲ. ಮೇಲೆ, ಬಿದಿರಿನ ಕಡೆ, ಏನೋ ಲಟ್ಟನೆ ಮುರಿಯಿತು. ಸ್ವಲ್ಪ ಬಿಟ್ಟು ಇನ್ನೊಂದು. ಒಂದು ಮರಕ್ಕೆ ಒರಗಿ ನಿಂತೆ. ಪ್ಲಗ್ ಆರಿಸಿ ಹಾಕಿದ್ದರೆ ಇಷ್ಟರಲ್ಲಿ ಸೈರನ್ ಕೂಗುತ್ತಿತ್ತೋ ಏನೋ, ಒಂದು ಸಾಲು ಎಫ್ಎಫ್ ಉಳಿಸಲು ಒಬ್ಬಳನ್ನು ಪಣಕ್ಕಿಟ್ಟೆನಲ್ಲ ಎನಿಸಿತು.

ಎರಡು ಸಾಲು ಆಚೆ ಬಕೆಟ್ಟಿನ ಹಿಡಿಯ ಸದ್ದಾಯಿತು. ವಾರಿಜ ಮರದ ಹಿಂದಿನಿಂದ ಮುಖ ತೋರಿಸಿದಳು.

"ಎಂತ ಬಾಯಮ್ಮ, ಈ ಪ್ರಾಯದಲ್ಲಿ ಗುಡ್ಡ ಹತ್ತುದಾ ನೀವು? ನೀರು ಬೇಕಿತ್ತಾ?"

"ಕೆಳಗೆ ಬಾ. ಸೈರನ್ ಸತ್ತುಹೋಗಿದೆ."

"ಹೇ, ದೀಪ ಉರಿತಾ ಉಂಟಲ್ಲ! ನಾನು ನೋಡಿಯೇ ಬಂದದ್ದು."

ಆಗ ಬಿದಿರು ಮತ್ತೆ ಮುರಿಯಿತು, ಈ ಸಲ ಹತ್ತಿರ. ಅವಳ ಮುಖದ ನಗು ಹೋಯಿತು. ಬಕೆಟ್ ಅಲ್ಲೇ ಬಿಟ್ಟು, ನನ್ನ ರಟ್ಟೆ ಹಿಡಿದು ಕೆಳಗಿಳಿಸಿದಳು. ಮುರಿದು ಕೂಡಿದ ಆ ಎಡಗೈಯಿಂದಲೇ.

ಕೆಳಗೆ ಸಫಿಯಾ ಎಲ್ಲ ಬರೆದಿಟ್ಟಿದ್ದಳು. ವೋಲ್ಟೇಜ್ ಸರಿಯಾಗಿ ಬರುತ್ತಿದೆ. ಒತ್ತಿದರೂ ಉತ್ತರವಿಲ್ಲ. ಅಂದರೆ ಬೆಸುಗೆಯಲ್ಲ, ಚಿಪ್ಪಿಗೇ ಏನೋ ಮಂಕು ಬಡಿದಿದೆ. ನಾನು ಏದುಸಿರು ಬಿಡುತ್ತಲೇ ಪ್ಲಗ್ ಆರಿಸಿದೆ, ಹಾಕಿದೆ. ನಂಬರು ಬಂತು. ಇನ್ನೊಮ್ಮೆ ಆರಿಸಿ ಹಾಕಿದೆ. ಬಂತು.

ಸಫಿಯಾ ಲ್ಯಾಪ್‌ಟಾಪ್ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. "ಮೇಡಂ, ಈಗ ನೀವು ಬಾಯಲ್ಲಿ ಎಂತದೋ ಹೇಳಿದ್ರಲ್ಲ?"

"ಎಂತದು? ಪ್ರಾರ್ಥನೆ. ನಿನಗೆ ಗೊತ್ತಿಲ್ವಾ?"

"ಗೊತ್ತುಂಟು. ಈಗ ಹೇಳದೆ ಹಾಕಿ."

ಆರಿಸಿ, ಕೂಡಲೇ ಹಾಕಿದೆ. ತುಟಿ ಕಚ್ಚಿ ಹಿಡಿಯಬೇಕಾಯಿತು.

ಎಫ್ಎಫ್ ಎಫ್ಎಫ್ ಎಫ್ಎಫ್.

ಪ್ರಾರ್ಥನೆ ಹೇಳಿ ಹಾಕಿದೆ, ನಂಬರು. ಹೇಳದೆ ಹಾಕಿದೆ, ಎಫ್ಎಫ್. ಇಪ್ಪತ್ತು ಸಲ ಮಾಡಿದೆವು. ಹೇಳದೆ ಹಾಕಿದಾಗಲೆಲ್ಲ ಸಾಯಲಿಲ್ಲ, ಆದರೆ ಸತ್ತದ್ದೆಲ್ಲ ಹೇಳದೆ ಹಾಕಿದಾಗಲೇ. ಕರೆಂಟು ಮಿಣುಕಿದಾಗ ಬೋರ್ಡಿನಲ್ಲಿ ವೋಲ್ಟೇಜ್ ಪೂರ್ತಿ ಇಳಿಯುವುದಿಲ್ಲ, ಅರ್ಧ ಇಳಿದು ಮೇಲೇರುತ್ತದೆ. ಪ್ರೊಸೆಸರನ್ನು ಸರಿಯಾಗಿ ಎಬ್ಬಿಸಲು ಅಲ್ಲೊಂದು ವ್ಯವಸ್ಥೆಯುಂಟು. ಫ್ಲ್ಯಾಶಿಗೆ ಇರಲಿಲ್ಲ. ಅದು ಅತ್ತ ಸಾಯದೆ ಇತ್ತ ಬದುಕದೆ ಸಿಕ್ಕಿಬೀಳುತ್ತಿತ್ತು. ಹದಿನೈದು ಸೆಕೆಂಡು ಕೊಟ್ಟರೆ ಪೂರ್ತಿ ಆರಿ, ಹೊಸದಾಗಿ ಏಳುತ್ತಿತ್ತು. ನಮ್ಮ ಬೆಂಚಿನಲ್ಲಿ ಪ್ರತಿ ಬೋರ್ಡಿಗೂ ಐವತ್ತು ಸಲ ನಾವು ಕೊಟ್ಟದ್ದು ಅದೇ ಹದಿನೈದು ಸೆಕೆಂಡು. ಗುತ್ತಿಗಾರಿನ ಗಾಳಿ ಯಾರ ಪ್ರಾರ್ಥನೆಗೂ ಕಾಯುವುದಿಲ್ಲವಷ್ಟೆ?

ವಾರಿಜಳಿಗೆ ಎಲ್ಲ ಹೇಳಿದೆ. ದೀಪದ ವಿಷಯವನ್ನೂ.

"ಹಾಗಾದ್ರೆ ನಾನು ದಿನಾ ಆ ದೀಪ ನೋಡಿ ಹೋದದ್ದು ಸುಮ್ಮನೆಯಾ?"

"ಹೌದು."

"ಪ್ರಾರ್ಥನೆ ಮಾಡಿದ್ದು ತಪ್ಪಾಯ್ತು ಹೇಳುವವರನ್ನು ನಾನು ಇವತ್ತೇ ನೋಡುದು" ಎಂದು ಎದ್ದು, ನಮಗಿಬ್ಬರಿಗೂ ಮಜ್ಜಿಗೆ ತಂದಿಟ್ಟಳು. ಮಧ್ಯಾಹ್ನ ಅವಳ ಮೈದುನ ಮೇಲೆ ಹೋಗಿ ನೋಡಿ ಬಂದ. ಕಾಡಿನ ಬದಿಯ ತಂತಿ ತುಂಡಾಗಿ ನೆಲದಲ್ಲಿತ್ತು, ಬಕೆಟ್ ಚಪ್ಪಟೆಯಾಗಿತ್ತು.

ಅಲ್ಲಿಂದಲೇ ಭಟ್ಟರಿಗೆ ಫೋನು ಮಾಡಿದೆ. ಉಳಿದ ಹತ್ತು ಕಡೆಯವರಿಗೂ ಸೈರನ್ ನಂಬಬೇಡಿ ಎಂದು ಇವತ್ತೇ ಹೇಳಬೇಕು ಎಂದೆ.

"ನಿಮಗೆ ತಲೆ ಸರಿ ಉಂಟಾ? ನಮ್ಮ ಯಂತ್ರ ನಂಬಬೇಡಿ ಅಂತ ನಾವೇ ಹೇಳುದಾ? ನಾಳೆ ಕಂಬ ಕಿತ್ತು ನಮ್ಮ ಬಾಗಿಲಿಗೆ ತಂದು ಹಾಕ್ತಾರೆ. ಸುಮ್ಮನೆ ಒಂದೊಂದೇ ಬದಲಿಸುವ, ಯಾರಿಗೂ ಗೊತ್ತಾಗುದು ಬೇಡ."

"ಬದಲಿಸಿ ಮುಗಿಯುವವರೆಗೆ ಯಾರಾದರೂ ದೀಪ ನೋಡಿ ಗುಡ್ಡ ಹತ್ತಿದರೆ ಸರ್?"

ನಾನು ಫೋನು ಇಟ್ಟು, ಸಫಿಯಾಳ ಪುಸ್ತಕದಿಂದ ನಂಬರು ತೆಗೆದು ಒಬ್ಬೊಬ್ಬರಿಗೇ ಮಾಡಿದೆ. ಕೆಲವರು ಬೈದರು. ಸಂಪಾಜೆಯ ಒಬ್ಬರು, "ನೀವೇ ಅಲ್ವಾ ದೀಪ ನೋಡ್ಲಿಕ್ಕೆ ಹೇಳಿದ್ದು?" ಎಂದು ಕೇಳಿದರು; ಹೌದು, ನಾನೇ ಎಂದು ಹೇಳಿ ಮುಂದಿನ ನಂಬರು ಒತ್ತಿದೆ. ಎಂಟನೆಯ ಕರೆ ಮಾಡುವಾಗ ಆ ಮನೆಯವರು, "ಭಟ್ಟರು ಈಗಷ್ಟೇ ಫೋನು ಮಾಡಿ ಹೇಳಿದ್ರು" ಎಂದರು. ಉಳಿದ ಎರಡನ್ನೂ ಅವರೇ ಮಾಡಿದ್ದರು, ಪಟ್ಟಿಯ ಕೆಳಗಿನಿಂದ ಶುರುಮಾಡಿ. ಆ ಬಗ್ಗೆ ನಾವಿಬ್ಬರೂ ಮುಂದೆ ಎಂದೂ ಮಾತಾಡಲಿಲ್ಲ.

ಹೊಸ ಬೋರ್ಡಿನಲ್ಲಿ ಫ್ಲ್ಯಾಶಿಗೆ ಬೇರೆಯೇ ಸ್ವಿಚ್ ಇಟ್ಟೆವು. ಏಳುವ ಮೊದಲು ಅದರ ವಿದ್ಯುತ್ತನ್ನು ಪೂರ್ತಿ ಇಳಿಸಿ ಮತ್ತೆ ಕೊಡುವುದು, ಉತ್ತರ ಬಾರದಿದ್ದರೆ ಪುನಃ ಹಾಗೇ ಮಾಡುವುದು. ಹಸಿರು ದೀಪವನ್ನು ಅಡಾಪ್ಟರಿನಿಂದ ಕಿತ್ತು, ಫ್ಲ್ಯಾಶ್ ನಂಬರು ಹೇಳಿದ ಮೇಲಷ್ಟೇ ಉರಿಯುವ ಹಾಗೆ ಮಾಡಿದೆವು. ಟೆಸ್ಟಿಂಗಿಗೆ ಸಫಿಯಾ ಒಂದು ರಿಲೇ ಜೋಡಿಸಿದಳು. ಅದು ಲೆಕ್ಕವಿಲ್ಲದೆ, ಕ್ರಮವಿಲ್ಲದೆ ಕರೆಂಟು ಮಿಣುಕಿಸುತ್ತದೆ, ಥೇಟ್ ನಮ್ಮೂರಿನ ಹಾಗೆ. ಗೋಡೆಯ ಚೀಟಿಯನ್ನು ನಾನೇ ಕಿತ್ತೆ. ಗೋಡೆಯ ಸುಣ್ಣವೂ ಜೊತೆಗೆ ಎದ್ದು ಬಂತು. ಈಗ ನಾನು ಪ್ರಾರ್ಥನೆ ಹೇಳುವುದು ಸ್ವಿಚ್ ಹಾಕಿದ ಮೇಲೆ. ಸಿಸ್ಟರ್ ಕ್ಲೋಟಿಲ್ಡಾ ಕ್ಷಮಿಸಲಿ.

ನಿಮ್ಮ ಬೆಂಚಿನಲ್ಲಿಯೂ ಇಂಥದೊಂದು ಒಳ್ಳೆಯ ಅಭ್ಯಾಸ ಇದ್ದೇ ಇರುತ್ತದೆ, ಮಕ್ಕಳೇ. ಒಂದು ದಿನ ಅದನ್ನು ಬಿಟ್ಟು ನೋಡಿ.

ಹೊಸ ಬೋರ್ಡು ಹಾಕಿದ ದಿನ ವಾರಿಜ ಕಂಬದ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತು, "ಈ ದೀಪವನ್ನಾದ್ರೂ ನಂಬುದಾ?" ಎಂದು ಕೇಳಿದ್ದಳು. ನಂಬು ಎನ್ನಲು ನನಗೆ ಬಾಯಿ ಬರಲಿಲ್ಲ. "ಕರೆಂಟು ಮಿಣುಕಿದಾಗಲೆಲ್ಲ ದೀಪ ಆರಿ ಮತ್ತೆ ಬರಬೇಕು. ಬಂದರೆ ನನಗೊಂದು ಮಿಸ್ಡ್ ಕಾಲ್ ಕೊಡು. ಬಾರದಿದ್ದರೆ ಮನೆಯೊಳಗೆ ಇರು. ನೀನು ಮೇಲಿದ್ದರೆ ಮನೆಯವರು ದೀಪ ನೋಡಿ ಕೂಗಿ ಇಳಿಸಲಿ" ಎಂದೆ. ನಾನು ರಿಟೈರ್ ಆದೆ, ಆ ಬೋರ್ಡು ಒಮ್ಮೆಯೂ ತಪ್ಪಲಿಲ್ಲ, ಮಿಸ್ಡ್ ಕಾಲ್ ಮಾತ್ರ ನಿಲ್ಲಲಿಲ್ಲ. ದೊಡ್ಡ ಗಾಳಿಗೆ ಪುತ್ತೂರಿನಲ್ಲೂ ಗುತ್ತಿಗಾರಿನಲ್ಲೂ ಬಲ್ಬು ಒಟ್ಟಿಗೇ ಮಿಣುಕುವುದುಂಟು. ಆಗೆಲ್ಲ ನಾನು ಫೋನಿನ ಪಕ್ಕ ಕಾಯುತ್ತೇನೆ.

ಇವತ್ತು ಬೆಳಿಗ್ಗೆ ಈ ಪುಟ ಬರೆಯುತ್ತಿರುವಾಗಲೇ ಬಲ್ಬು ಮಿಣುಕಿತು. ಪೆನ್ನು ನಿಂತಿತು. ಫೋನು ಬಾರಿಸಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಹೋಯಿತು, ಹತ್ತು ಹೋಯಿತು. ವಾರಿಜ ಗುಡ್ಡದ ಮೇಲೆ ರಬ್ಬರ್ ಹಾಲು ಹೆಕ್ಕುವ ಹೊತ್ತು. ನಾನೇ ಮಾಡೋಣವೆಂದು ಫೋನು ಎತ್ತಿಕೊಂಡರೆ ಬೆರಳಿಗೆ ಅವಳ ಹೆಸರು ಒತ್ತಲಾಗಲಿಲ್ಲ, ಎತ್ತುವವರಿಲ್ಲದಿದ್ದರೆ? ಕೈಯಲ್ಲಿ ಹಿಡಿದೇ ಕೂತೆ. ಕೊನೆಗೆ ಅದು ಕೈಯೊಳಗೇ ಒಂದು ಸಲ ಗುಂಯ್‌ಗುಟ್ಟಿ ನಿಂತಿತು.

ಒಂದೇ ಸಲ. ನಾನು ಹೇಲ್ ಮೇರಿ ಹೇಳಿ ಪೆನ್ನು ಎತ್ತಿಕೊಂಡೆ.